ಮೂರು–ಮೂರು ಎಂದ ಸುಳ್ಳು

ನಾನು ಆ ಆಟದ ಕೊನೆಯನ್ನು ಕೇಳಲೇ ಇಲ್ಲ. ಕೇಳಿದೆನೆಂದು ವಾಲ್ಟರ್ ಸರ್ ಎದುರು ನಿಂತು ಹೇಳಿದೆ. ಇಷ್ಟು ವರ್ಷ ಇದನ್ನು ಯಾರಿಗೂ — ಹೆಂಡತಿಗೂ — ಹೇಳಿಲ್ಲ.

ವಾಲ್ಟರ್ ಸರ್ ಅಮೆರಿಕದವರು, ನಾನು ಸ್ಟೋರ್‌ಕೀಪರ್ ಆಗಿದ್ದ ಕಂಪನಿಯ ಪಂಪ್ ಎಂಜಿನಿಯರ್. ತೊಂಬತ್ತರ ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ ಅಮೆರಿಕದವರನ್ನು ಹುಡುಕಿ ಹಿಡಿಯುತ್ತಿದ್ದರು. ವಾಲ್ಟರ್ ಸರ್ ಜಾಬ್ರಿಯಾ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಪರದೆ ಎಳೆದುಕೊಂಡು ಅಡಗಿದ್ದರು. ಇಂಡಿಯಾದವರಾದ ನಾವು ಓಡಾಡಬಹುದಿತ್ತು, ಹಾಗಾಗಿ ರೊಟ್ಟಿ, ಮೊಸರು ಒಯ್ದು ಕೊಡುವ ಕೆಲಸ ನನ್ನದಾಯಿತು. ಸದ್ದು ಹೊರಗೆ ಕೇಳಿದರೆ ಅಪಾಯವೆಂದು ತಮ್ಮ ರೇಡಿಯೋವನ್ನೇ ನನಗೆ ಕೊಟ್ಟುಬಿಟ್ಟರು. ಬದಲಿಗೆ ಕೇಳಿದ್ದು ಒಂದೇ — ಅಕ್ಟೋಬರ್‌ನಲ್ಲಿ ತಮ್ಮ ಊರಿನ ಬೇಸ್‌ಬಾಲ್ ತಂಡದ ದೊಡ್ಡ ಪಂದ್ಯವಿದೆ, ಅದರ ಫಲಿತಾಂಶ ತಿಳಿಸಬೇಕು.

ಬೇಸ್‌ಬಾಲಿನ ಗಂಧಗಾಳಿ ನನಗಿರಲಿಲ್ಲ. ಅವರೇ ಕ್ಯಾಲೆಂಡರ್ ಹಾಳೆಯ ಹಿಂದೆ ಒಂಬತ್ತು ಸುತ್ತಿಗೆ ಒಂಬತ್ತು ಮನೆ ಗೀಚಿ, ಯಾವುದನ್ನು ಕೇಳಿಸಿಕೊಳ್ಳಬೇಕೆಂದು ಕಲಿಸಿದರು. ಪಂದ್ಯದ ದಿನ ನಸುಕಿನಲ್ಲಿ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ಕೂತೆ. ಎಂಟು ಸುತ್ತು ಮುಗಿದಾಗ ಎರಡೂ ತಂಡ ಸಮ, ಮೂರು–ಮೂರು. ಅಷ್ಟರಲ್ಲಿ ನನ್ನ ರೂಮಿನ ವಿಠಲಣ್ಣ ಎದ್ದು ಕೂತರು.

"ಸಾಕು ಮಾರಾಯ ಆ ಆಟ. ಡೆಲ್ಲಿ ವಾರ್ತೆ ಹಾಕು, ನಮ್ಮ ವಿಮಾನದ ಸುದ್ದಿ ಎಂತಾದ್ರೂ ಉಂಟಾ ನೋಡುವ."

ತಿರುಗಿಸಿದೆ. ಅವರು ಹೇಳಿದ್ದಕ್ಕಲ್ಲ — ನನಗೂ ಊರು ಸೇರಿದರೆ ಸಾಕಾಗಿತ್ತು. ವಾರ್ತೆ ಮುಗಿಸಿ ಮರಳುವಷ್ಟರಲ್ಲಿ ಆಟ ಮುಗಿದು ಆ ಸ್ಟೇಷನ್ನಿನಲ್ಲಿ ಬೇರೇನೋ ಮಾತು ನಡೆದಿತ್ತು.

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅವರದೇ ರೇಡಿಯೋದಲ್ಲಿ ನಾನು ನನ್ನ ವಿಮಾನ ಹುಡುಕಿದ್ದೆ — ಹೇಗೆ ಹೇಳಲಿ... ಕ್ರಿಕೆಟ್ ನೋಡಿ ಬೆಳೆದ ನನ್ನ ತಲೆಗೆ ಹಾವೂ ಸಾಯದ, ಕೋಲೂ ಮುರಿಯದ ದಾರಿಯೊಂದು ಹೊಳೆಯಿತು. ರೊಟ್ಟಿ ಒಯ್ದಾಗ ಮೊದಲು ಎಂಟು ಸುತ್ತಿನ ಲೆಕ್ಕ ಒಪ್ಪಿಸಿದೆ.

"ಟೈ ಆಯ್ತು ಸರ್. ಮೂರು–ಮೂರು. ಅಲ್ಲಿಗೇ ಮುಗೀತು."

ಮನೆಗಳನ್ನು ತುಂಬುತ್ತಿದ್ದ ಪೆನ್ಸಿಲ್ ನಿಂತಿತು. "ಟೈ?" ಎಂದರು. ಹೌದೆಂದೆ. ಅವರು ಪೆನ್ಸಿಲ್ ಕೆಳಗಿಟ್ಟು ಥ್ಯಾಂಕ್ಸ್ ಹೇಳಿದರು.

ಐದಾರು ದಿನ ಬಿಟ್ಟು ಅವರು ಬೇರೊಬ್ಬ ಸ್ನೇಹಿತನ ಮನೆಗೆ ಹೋಗಿ ಅಡಗುವುದೆಂದಾಗಿತ್ತು. ಕಾರು ಬಂದು ನಿಂತಿತ್ತು. ನಾನು ಓಡಿ ಬಂದು, ರಸ್ತೆಯ ಮೂಲೆಯಲ್ಲಿ ಸೈನಿಕರು ಗಾಡಿ ತಡೆಯುತ್ತಿದ್ದಾರೆ, ಇವತ್ತು ಹೊರಡಬೇಡಿ ಎಂದೆ. ಅದು ನಿಜ, ಕಣ್ಣಾರೆ ಕಂಡಿದ್ದೆ. ಶೂ ಕಟ್ಟುತ್ತಿದ್ದವರು ತಲೆಯೆತ್ತಿ, "ಶೇಖರ್, ಈ ಸಲ ನೀನೇ ನೋಡಿದ್ದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದು ಸರ್ ಎಂದೆ. ಶೂ ಕಟ್ಟಿ ಮುಗಿಸಿ, ಮೆಟ್ಟಿಲಿಳಿದು ಹೋದರು. ಮೂಲೆಯಲ್ಲಿ ಸೈನಿಕರು ಅವರನ್ನು ಕಾರಿನಿಂದ ಇಳಿಸಿ ಹಿಡಿದೊಯ್ದದ್ದನ್ನು ಮೆಟ್ಟಿಲ ಕಿಟಕಿಯಿಂದ ನೋಡಿದೆ.

ಎರಡು ವಾರದಲ್ಲಿ ನಾನು ಊರಿಗೆ ಬಂದೆ. ಯುದ್ಧ ಮುಗಿದು ತೊಂಬತ್ತೊಂದರಲ್ಲಿ ಮತ್ತೆ ಕೆಲಸಕ್ಕೆ ಹೋದಾಗ ಖಾಲಿ ಜಾಗದಲ್ಲಿ ಅಮೆರಿಕದ ಸೈನಿಕರು ಬೇಸ್‌ಬಾಲ್ ಆಡುತ್ತಿದ್ದರು. ಟೈ ಆದರೆ ಏನು ಮಾಡುತ್ತಾರೆಂದು ಒಬ್ಬನನ್ನು ಕೇಳಿದೆ. ಅವನು ನಕ್ಕ. ದೊಡ್ಡ ಪಂದ್ಯದಲ್ಲಿ ಟೈ ಎಂಬುದಿಲ್ಲ, ಒಬ್ಬರು ಗೆಲ್ಲುವವರೆಗೂ ಸುತ್ತಿನ ಮೇಲೆ ಸುತ್ತು ಆಡುತ್ತಲೇ ಇರುತ್ತಾರೆ ಎಂದ. 'ಈ ಸಲ' ಎಂದು ವಾಲ್ಟರ್ ಸರ್ ಯಾಕೆ ಕೇಳಿದರೆಂದು ನನಗೆ ಆಗ ಅರ್ಥವಾಯಿತು.

ಡಿಸೆಂಬರಿನಲ್ಲಿ ಅವರ ಬಿಡುಗಡೆಯಾಗಿತ್ತು, ಸೆರೆಯಲ್ಲಿ ಹೃದಯ ಕೆಟ್ಟು ಊರು ತಲುಪಿದ ಕೆಲವೇ ವಾರಕ್ಕೆ ತೀರಿಕೊಂಡರು ಎಂದು ಆಫೀಸಿನಲ್ಲಿ ಹೇಳಿದರು. ಲೂಟಿಯಾಗಿದ್ದ ಆ ಫ್ಲ್ಯಾಟಿನಲ್ಲಿ ಕ್ಯಾಲೆಂಡರ್ ಹಾಳೆ ನೆಲದ ಮೇಲೆ ಬಿದ್ದಿತ್ತು. ಎಂಟು ಮನೆ ತುಂಬಿದ್ದವು, ಒಂಬತ್ತನೆಯದು ಖಾಲಿ.

ನನ್ನ ಮಾತು ನಂಬಿದ್ದರೆ ಉಳಿಯುತ್ತಿದ್ದರೋ ಏನೋ — ನಂಬದಂತೆ ಮಾಡಿದವನಂತೂ ನಾನೇ. ಆ ಪಂದ್ಯದ ಫಲಿತಾಂಶವನ್ನು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಒಂಬತ್ತನೆಯ ಸುತ್ತಿನಲ್ಲೇ, ಒಂದೇ ಒಂದು ರನ್ನಿನಿಂದ, ಅವರ ತಂಡ ಗೆದ್ದಿತ್ತು. ಬಿಡುಗಡೆಯಾದ ಮೇಲೆ ಅವರಿಗೆ ಯಾರಾದರೂ ಹೇಳಿರಬಹುದು. ಹೇಳಬೇಕಾಗಿದ್ದವನು ನಾನು. ಹಾಳೆ ನನ್ನ ಬಳಿ ಇದೆ, ಆ ಮನೆಯನ್ನು ನಾನು ತುಂಬಿಲ್ಲ.