ಹೊರಡುವ ಮುನ್ನ ಕೂತವರು

ಊರು ಬಿಟ್ಟು ಹೊರಡುವವರು ಬಾಗಿಲು ತೆಗೆಯುವ ಮೊದಲು ಒಂದು ಗಳಿಗೆ ಕೂರಬೇಕು. ಜೊತೆಗೆ ಮನೆಮಂದಿಯೆಲ್ಲ ಕೂರಬೇಕು. ಯಾರೂ ಮಾತಾಡಕೂಡದು. ಹಿರಿಯರು ಎದ್ದು “ಸರಿ, ದೇವರಿದ್ದಾನೆ” ಅಂದ ಮೇಲೆಯೇ ಮಿಕ್ಕವರು ಏಳಬೇಕು. ರಷ್ಯಾದ ಸಿಜ್ರಾನಿನಲ್ಲಿ ಪಕ್ಕದೂರಿಗೆ ಹಲ್ಲು ತೋರಿಸಲು ಹೋಗುವವರೂ ಹೀಗೆ ಕೂತೇ ಹೋಗುತ್ತಾರೆ. ಹಾಗಿದ್ದ ಮೇಲೆ ತಾಸ್ಯಾಳ ಮನೆಯವರು ಇಪ್ಪತ್ತು ವರ್ಷದಲ್ಲಿ ಎಷ್ಟು ಸಲ ಕೂತಿರಬೇಕು ಎಂದು ನೀವೇ ಊಹಿಸಿ. ಬಾಗಿಲ ಬಳಿಯ ಸ್ಟೂಲಿಗೆ ಎರಡು ಸಲ ಹೊಸ ಕಾಲು ಹಾಕಿಸಿದ್ದಾರೆ.

ತಾಸ್ಯಾಳ ಕಸುಬು ಟೆನಿಸ್. ಕಲಿತದ್ದು ಎಣ್ಣೆ ಕಾರ್ಖಾನೆಯ ಬಾಯ್ಲರ್ ಮನೆಯ ಗೋಡೆಗೆ ಚೆಂಡು ಹೊಡೆದು. ಕಲಿಸಿದವಳು ಅವಳ ಅಮ್ಮ ರಿಮ್ಮಾ. ಶಾಲೆಯಲ್ಲಿ ಮಕ್ಕಳಿಗೆ ಕಸರತ್ತು ಹೇಳಿಕೊಡುತ್ತಿದ್ದ ರಿಮ್ಮಾ ಪುಸ್ತಕ ತೆರೆದಿಟ್ಟುಕೊಂಡು ತಾನೇ ಮೊದಲು ಕಲಿತು, ಆಮೇಲೆ ಮಗಳಿಗೆ ಕಲಿಸಿದಳು. ಗಂಡ ಉತ್ತರದ ಎಣ್ಣೆಬಾವಿಗೆ ಕೆಲಸಕ್ಕೆಂದು ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದಾಗ ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಮಗಳು ಹನ್ನೆರಡಕ್ಕೆ ಕಾಲಿಟ್ಟಾಗ ಶಾಲೆಯ ಕೆಲಸ ಬಿಟ್ಟು, ಚೆಂಡಿನ ಬಕೆಟ್ಟು ಹಿಡಿದು ಊರೂರು ಅವಳ ಬೆನ್ನಿಗೆ ತಿರುಗಿದಳು.

ಒಮ್ಮೆ, ಇಪ್ಪತ್ತಮೂರರ ವಯಸ್ಸಿನಲ್ಲಿ, ತಾಸ್ಯಾ ಮೆಲ್ಬರ್ನಿನ ದೊಡ್ಡ ಪಂದ್ಯಾವಳಿಯಲ್ಲಿ ಮೂರು ಅರ್ಹತಾ ಪಂದ್ಯ ಗೆದ್ದು ಒಳಗೆ ಹೋದಳು, ಐವತ್ತೆಂಟೇ ನಿಮಿಷದಲ್ಲಿ ಸೋತು ಹೊರಗೆ ಬಂದಳು. ಅಲ್ಲಿಂದ ತಂದ ನೀಲಿ ಟವೆಲ್ಲಿನಲ್ಲಿ ಅಜ್ಜಿ ಕಪಿತೊಲೀನಾ ಈಗಲೂ ಮೈ ಒರೆಸಿಕೊಳ್ಳುತ್ತಾಳೆ. ಆ ವರ್ಷ ತಾಸ್ಯಾ ಜಗತ್ತಿಗೆ ನೂರರವತ್ತಮೂರನೆಯವಳು. ಜಗತ್ತಿಗೆ ನೂರರವತ್ತಮೂರನೆಯ ಹಲ್ಲಿನ ಡಾಕ್ಟರಾಗಿದ್ದರೆ ಊರಿನವರು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಟೆನಿಸಿನವಳಾದ್ದರಿಂದ, ಟೀವಿಯಲ್ಲಿ ಯಾಕೆ ಬರುವುದಿಲ್ಲ ಎಂದು ಕೇಳುತ್ತಿದ್ದರು.

ಆಮೇಲೆ ಬಲಭುಜ ಕೈಕೊಟ್ಟಿತು. ಎರಡು ಸಲ ಕೊಯ್ಸಿಕೊಂಡಳು. ಮೂವತ್ತೊಂದಾಗುವ ಹೊತ್ತಿಗೆ ನಾನೂರ ಹನ್ನೆರಡಕ್ಕೆ ಇಳಿದಿದ್ದಳು. ಅಂಟಾಲ್ಯ, ತಾಷ್ಕೆಂಟ್, ಕಜಾನ್ ಎಂದು ಈಗ ಒಬ್ಬಳೇ ತಿರುಗುವ ಸಣ್ಣಸಣ್ಣ ಪಂದ್ಯಾವಳಿಗಳು. ನೋಡುವವರೆಂದರೆ ಅಂಪೈರು, ಎದುರಾಳಿಯ ಅಪ್ಪ, ಬಿಸಿಲಿಗೆ ಮೈಚೆಲ್ಲಿದ ಒಂದು ಬೆಕ್ಕು. ಸಾಕು ಅನ್ನಿಸಿ ಎರಡು ವರ್ಷವಾಗಿತ್ತು. ಆದರೆ ಅಮ್ಮನಿಗೆ ಯಾವ ಮುಖ ಹೊತ್ತು ಹೇಳುವುದು? ತನಗಾಗಿ ಕೆಲಸ ಬಿಟ್ಟವಳಿಗೆ, ಹರೆಯವನ್ನೆಲ್ಲ ಆ ಬಕೆಟ್ಟಿಗೆ ಸುರಿದವಳಿಗೆ, ಸಾಕಾಯಿತಮ್ಮ ಎಂದು ಹೇಗೆ ಅನ್ನುವುದು? ಪ್ರತಿ ಸಲವೂ ಈ ಸಲ ಹೇಳಿಯೇ ಬಿಡುತ್ತೇನೆಂದು ಬರುತ್ತಿದ್ದಳು, ಬಾಯಿಗೆ ಬೀಗ ಹಾಕಿಕೊಂಡು ಹೋಗುತ್ತಿದ್ದಳು.

ಈ ಸಲ ಆಗಸ್ಟಿನಲ್ಲಿ ಮೂರು ದಿನಕ್ಕೆಂದು ಬಂದಳು. ಮೂರೂ ದಿನ ಊರಾಚೆಯ ಅಜ್ಜಿಯ ತೋಟದಲ್ಲಿ ಟೊಮೇಟೊ ಬಳ್ಳಿಗೆ ಕಡ್ಡಿ ನೆಟ್ಟಳು, ನೀರು ಹಾಯಿಸಿದಳು, ಹೇಳಬೇಕಾದ್ದನ್ನು ಹೇಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಮಾರಾದ ರೈಲು, ಅಲ್ಲಿಂದ ಕಜಾಕಿಸ್ತಾನಕ್ಕೆ ವಿಮಾನ. ಹತ್ತೂಕಾಲಿಗೆ ಮೂವರೂ ಬಾಗಿಲ ಬಳಿ ಕೂತರು. ರಿಮ್ಮಾ ಸ್ಟೇಷನ್ನಿನವರೆಗೆ ಬಿಟ್ಟುಬರಲು ಬೂಟು ಹಾಕಿಕೊಂಡು ಸ್ಟೂಲಿನ ಮೇಲೆ, ತಾಸ್ಯಾ ಪೆಟ್ಟಿಗೆಯ ಮೇಲೆ, ಅಜ್ಜಿ ತನ್ನ ಕುರ್ಚಿಯಲ್ಲಿ.

ಒಂದು ನಿಮಿಷ ಕಳೆಯಿತು. ಅಜ್ಜಿ ಏಳಲಿಲ್ಲ. ಎರಡಾಯಿತು, ಐದಾಯಿತು. ಮುದುಕಿಗೆ ಜೊಂಪು ಹತ್ತಿತೇನೋ ಎಂದು ತಾಸ್ಯಾ ನೋಡಿದರೆ, ಕಪಿತೊಲೀನಾ ಕಣ್ಣು ಪಿಳುಕಿಸದೆ ಇವಳನ್ನೇ ನೋಡುತ್ತಿದ್ದಳು.

ಕೆಳಗೆ ಕಾರಿನ ಹಾರನ್ನು ಎರಡು ಸಲ ಕೂಗಿ ಸುಮ್ಮನಾಯಿತು. ಟ್ಯಾಕ್ಸಿ ಓಡಿಸುವ ನೆರೆಮನೆಯ ರಫೀಕ್ ಮಾಮ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದ. ಬೈಯಲೆಂದೇ ಬಾಗಿಲು ತಳ್ಳಿದವನು, ಎಲ್ಲರೂ ಕೂತಿರುವುದನ್ನು ಕಂಡು ಟೋಪಿ ತೆಗೆದು, ಬೂಟಿನ ಪೆಟ್ಟಿಗೆಯ ಮೇಲೆ ತಾನೂ ಕೂತುಬಿಟ್ಟ.

ಕೊನೆಗೆ ಅಜ್ಜಿಯೇ ಬಾಯಿ ತೆರೆದಳು. “ಏಳೆಂಟು ವರ್ಷದಿಂದ ನೀನು ಬೆಳಿಗ್ಗೆ ಎದ್ದ ತಕ್ಷಣ ಆ ರಬ್ಬರ್ ಪಟ್ಟಿ ಬಾಗ್ಲಿಗೆ ಕಟ್ಟಿ ಭುಜ ಎಳೀತಿದ್ದೆ. ಈ ಸಲ ಮೂರು ದಿನದಿಂದ ಅದನ್ನ ಚೀಲದಿಂದ ಆಚೆನೇ ತೆಗೀಲಿಲ್ಲ. ನಾನು ಯಾಕೆ ಏಳ್ಲಿ?”

ತಾಸ್ಯಾ ಗೋಡೆಯ ಮೇಲಿನ ಗಡಿಯಾರ ನೋಡಿದಳು, ಅಮ್ಮನ ಬೂಟು ನೋಡಿದಳು. “ಅಮ್ಮ, ನಾನು ಹೋಗಲ್ಲ.”

“ಈ ಸಲ ಹೋಗಲ್ವೋ, ಇನ್ಮೇಲೆ ಹೋಗಲ್ವೋ?” ರಿಮ್ಮಾ ತಲೆ ಎತ್ತಲಿಲ್ಲ.

“ಇನ್ಮೇಲೆ.”

ರಿಮ್ಮಾ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದಳು. ಒಂದು ಗಂಟು ಬಿಗಿಯಾಯಿತು, ಅದನ್ನು ಬಿಡಿಸಲು ಇನ್ನಷ್ಟು ಬಗ್ಗಿದಳು. ತಾನು ಹೆದರಿದ್ದೇ ಆಯಿತು, ಅಮ್ಮ ಅಳುತ್ತಿದ್ದಾಳೆ ಎಂದುಕೊಂಡಳು ತಾಸ್ಯಾ. ಆದರೆ ರಿಮ್ಮಾ ಅಳುತ್ತಿರಲಿಲ್ಲ. ಬೂಟನ್ನು ಮೂಲೆಗೆ ಎಸೆದು, ಜೇಬಿನಿಂದ ಫೋನು ತೆಗೆದಳು.

“ಹಾಗಾದ್ರೆ ಇದನ್ನ ಇನ್ನು ನೋಡ್ಬೇಕಾಗಿಲ್ಲ,” ಎಂದಳು.

ಪಂದ್ಯ ನಡೆಯುತ್ತಿರುವಾಗಲೇ ಅಂಕಗಳು ಒಂದೊಂದಾಗಿ ಬದಲಾಗುವ ಆಪ್ ಅದು. ಮಗಳು ಒಬ್ಬಳೇ ತಿರುಗತೊಡಗಿದ ಮೇಲೆ ರಿಮ್ಮಾಳಿಗೆ ಅದೇ ಗತಿ. ಆಟ ಕಾಣುವುದಿಲ್ಲ, ಬರೀ ಅಂಕಿ. ಅಂಕಿ ನಿಂತುಹೋದರೆ ಭುಜ ಹೋಯಿತೇನೋ ಎಂಬ ದಿಗಿಲು. ಬಚ್ಚಲಮನೆಗೆ ಹೋಗಿ ಚಿಲಕ ಹಾಕಿ, ಎದೆಬಡಿತಕ್ಕೆ ಹನಿ ಔಷಧಿ ಕುಡಿದು ನೋಡುತ್ತಿದ್ದಳಂತೆ. ಇದನ್ನು ಅವಳು ಅವತ್ತೇ ಮೊದಲ ಸಲ ಹೇಳಿದ್ದು, ಅದೂ ರಫೀಕನ ಎದುರು.

“ನಾನು ನಿನಗೋಸ್ಕರ ಆಡ್ತಿದ್ದೆ ಕಣಮ್ಮ,” ಎಂದಳು ತಾಸ್ಯಾ.

“ನನಗೋಸ್ಕರ ಅಂತ ಗೊತ್ತಿದ್ರೆ ಆ ರ‍್ಯಾಕೆಟ್ನೆಲ್ಲ ಯಾವತ್ತೋ ಒಲೆಗೆ ಹಾಕ್ತಿದ್ದೆ. ನಿನಗೇ ಬಿಡೋಕೆ ಮನಸಿಲ್ಲ, ನಾನ್ಯಾಕೆ ಅಡ್ಡ ಬರ್ಲಿ ಅಂತ ಸುಮ್ನಿದ್ದೆ.”

ತಾಸ್ಯಾಳಿಗೆ ನಗು ಮೊದಲು ಬಂತು, ಅಳು ಆಮೇಲೆ. ಎರಡು ವರ್ಷ ಎದೆಯ ಮೇಲೆ ಕೂತಿದ್ದ ಭಾರ ಬೂಟಿನ ದಾರದ ಜೊತೆಗೇ ಬಿಚ್ಚಿಹೋಗಿತ್ತು. ಅಲ್ಲೇ ಪೆಟ್ಟಿಗೆಯ ಮೇಲೆ ಕೂತು, ಬರುವುದಿಲ್ಲವೆಂದು ಪಂದ್ಯಾವಳಿಯವರಿಗೆ ಎರಡು ಸಾಲು ಬರೆದು ಕಳಿಸಿದಳು.

ರಫೀಕ್ ಕೆಮ್ಮಿದ. ಸ್ಟೇಷನ್ನಿಗಿಲ್ಲದಿದ್ದರೆ ತಾನು ಎಲ್ಲಿಗೆ ಹೋಗಬೇಕು, ಅದನ್ನಾದರೂ ಹೇಳಿ ಎಂದು ಕೇಳಿದ. ತೋಟಕ್ಕೆ ಅಂದಳು ಅಜ್ಜಿ. ಮೊಮ್ಮಗಳು ಇಪ್ಪತ್ತು ಬೇಸಿಗೆ ಪರದೇಶದಲ್ಲೇ ಕಳೆದದ್ದರಿಂದ ಗಿಡದಲ್ಲೇ ಹಣ್ಣಾದ ಟೊಮೇಟೊ ತಿಂದೇ ಇಲ್ಲ, ಚಳಿಗಾಲಕ್ಕೆ ಬಂದು ಉಪ್ಪುನೀರಿನ ಜಾಡಿಯವನ್ನೇ ತಿಂದವಳು, ಈ ಮೂರು ದಿನವೂ ಒಂದನ್ನೂ ಬಾಯಿಗಿಟ್ಟಿಲ್ಲ ಎಂಬುದು ಮುದುಕಿಯ ದೂರು. ಇರುವ ಬುಟ್ಟಿ ಸಾಲದೆಂದು ರಿಮ್ಮಾ ಮಗಳ ಉದ್ದನೆಯ ಚೀಲ ಬಿಚ್ಚಿ, ಆರು ರ‍್ಯಾಕೆಟ್ಟುಗಳನ್ನು ಮಂಚದ ಮೇಲೆ ಸುರಿದಳು.

ಎಲ್ಲರೂ ಮತ್ತೆ ಕೂತರು, ರಫೀಕನೂ. ಈ ಸಲ ಕಪಿತೊಲೀನಾ ಅರ್ಧ ನಿಮಿಷವೂ ಕೂರಲಿಲ್ಲ.

“ಸರಿ,” ಎಂದಳು ಏಳುತ್ತ, “ದೇವರಿದ್ದಾನೆ.”

ಕಾರು ವೋಲ್ಗಾದ ದಡಕ್ಕೆ ತಿರುಗುವ ಮೊದಲೇ ರಿಮ್ಮಾ ಮಗಳ ಬಲಭುಜಕ್ಕೆ ತಲೆಯಾನಿಸಿ, ಬಾಯಿ ತೆರೆದು ನಿದ್ದೆ ಹೋದಳು. ಕೊಯ್ಸಿಕೊಂಡಿದ್ದ ಭುಜ. ನೋಯುತ್ತಿತ್ತು. ತೋಟ ಬರುವವರೆಗೂ ತಾಸ್ಯಾ ಅದನ್ನು ಅಲುಗಿಸಲಿಲ್ಲ.