ಮದುವೆ ಜೀಪು ಹತ್ತಿದ ಪೊಲೀಸರು

ಅಫಜಲಪುರದ ಹತ್ತಿರ ಪೊಲೀಸರೊಬ್ಬರು ಕೈ ಅಡ್ಡ ಹಿಡಿದು ನಮ್ಮ ಮದುವೆ ಜೀಪು ನಿಲ್ಲಿಸಿದರು. ಒಳಗೆ ಬಾಸಿಂಗ ಕಟ್ಟಿಕೊಂಡ ನನ್ನ ತಮ್ಮ. ಕರಜಗಿಯ ಹೆಣ್ಣಿನ ಮನೆಯಲ್ಲಿ ಮುಹೂರ್ತದ ಅಕ್ಕಿಕಾಳು ಬೀಳಲು ಅರ್ಧ ತಾಸಷ್ಟೇ ಉಳಿದಿತ್ತು, ಡ್ರೈವರ್ ಜೀಪು ಹಾರಿಸಿಕೊಂಡೇ ಬಂದಿದ್ದ.

"ನಿಮಗ ಬೇಕಾಗಿದ್ದು ದಂಡದ ರೊಕ್ಕ ಹೌದಲ್ರಿ? ತಗೋರಿ, ಬಿಡ್ರಿ," ಎಂದು ನಮ್ಮ ಕಾಕಾ ಸಿಡುಕಿದರು.

"ರೊಕ್ಕ ಕೊಟ್ಟು ಮತ್ತ ಹಂಗ ಓಡಸ್ತೀರಿ ಕಾಕಾ. ಮದುಮಗ ಕೈಕಾಲು ನೆಟ್ಟಗ ಇಟ್ಕೊಂಡು ಮುಟ್ಟೋದು ಬ್ಯಾಡೇನ್ರಿ? ಸರೀರಿ, ನಾನೂ ಬರ್ತೇನಿ," ಎಂದವರೇ ಪೊಲೀಸರು ಡ್ರೈವರನ ಪಕ್ಕ ಕುಳಿತರು. ದಾರಿಯುದ್ದಕ್ಕೂ "ಸಾವಕಾಶ ಲೇ" ಎನ್ನುತ್ತಲೇ ಇದ್ದರು.

ಹೊತ್ತು ಮೀರಿ ಮುಟ್ಟಿದೆವು. ಸಂಗತಿ ಕೇಳಿ ಹಂದರದಲ್ಲಿ ಯಾರೂ ಮುನಿಯಲಿಲ್ಲ. ಬೀಗರು ನಗುತ್ತ ಆ ಪೊಲೀಸರಿಗೂ ರುಮಾಲು ಸುತ್ತಿ, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದರು.

ಮದುವೆ ಫೋಟೋ ನೋಡಿದವರೆಲ್ಲ ಈ ಖಾಕಿ ಅಂಗಿಯವರು ಯಾರೆಂದು ಕೇಳುತ್ತಾರೆ. "ನಮ್ಮ ಮನಿಯವರಽ ರೀ," ಎನ್ನುತ್ತಾರೆ ಕಾಕಾ.