ಹೊಳೆಯಾಚೆಯ ಗೆರೆ

ನಂದೀಶ, ಭವಾನಿ — ನಮ್ಮ ಮನೆಯ ಹಳೆಯ ನಕಾಶೆಯಲ್ಲಿ ಹಾರಂಗಿ ಹೊಳೆಯಾಚೆ ಹೊಸಕೊಪ್ಪಲು ಎಂಬ ಊರನ್ನು ಬರೆದದ್ದು ನಿಮ್ಮ ಮುತ್ತಜ್ಜ ಅಲ್ಲ, ನಾನು. ಅದಕ್ಕಾಗಿ ಊರು ಅವರನ್ನು ಸುಳ್ಳುಗಾರರೆಂದಿತು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ.

ದೇವರ ಮನೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕಪ್ಪು ಬಟ್ಟೆಯನ್ನು ನೀವು ಕಂಡಿದ್ದೀರಿ. ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮೇಲೆ ಬಳಪದಲ್ಲಿ ನಮ್ಮ ಸೀಮೆಯ ಊರು, ಕೆರೆ, ದಾರಿಗಳನ್ನು ಬರೆದಿದ್ದಾರೆ. ಸಾವಿರ ವರ್ಷದ ಹಿಂದೆ ಇಲ್ಲಿ ಆಳಿದ ಕೊಂಗಾಳ್ವ ಅರಸರ ಕಾಲದ ನಕಾಶೆ, ಬಟ್ಟೆ ಸವೆದಾಗಲೆಲ್ಲ ಹೊಸ ಬಟ್ಟೆಗೆ ಇಳಿಸಿಕೊಂಡು ಬಂದದ್ದು ಎಂದು ಮನೆಯವರ ನಂಬಿಕೆ. ಯುಗಾದಿಯ ದಿನ ಮನೆಯ ಹಿರಿಯ ಲಿಂಗಪೂಜೆ ಮುಗಿಸಿ, ಮಾಸಿದ ಗೆರೆಗಳ ಮೇಲೆ ಬಳಪ ತೀಡಬೇಕು. ಗೆರೆ ಕೂಡಿಸುವಂತಿಲ್ಲ, ಬಿಡುವಂತಿಲ್ಲ. ಹೆಂಗಸರು ಮುಟ್ಟುವಂತೆಯೇ ಇಲ್ಲ.

ಕೊಡಗಿಗೆ ತನ್ನದೇ ಸರ್ಕಾರವಿದ್ದ ಕಾಲ ಅದು. ನಾನು ಹೊಸಕೊಪ್ಪಲಿನಿಂದ ಬಂದ ಹೊಸ ಸೊಸೆ. ನನ್ನ ಮಾವ, ಅಂದರೆ ನಿಮ್ಮ ಮುತ್ತಜ್ಜ, ಒಮ್ಮೆ ಕಡತ ಬಿಚ್ಚಿ ದೂರದಿಂದಲೇ ತೋರಿಸಿದರು. “ನಮ್ಮೂರು ಎಲ್ಲೈತೆ ಮಾವ?” ಎಂದೆ.

“ನಿಮ್ಮಪ್ಪ ಹಾಸನದಿಂದ ಗಾಡಿ ಹೊಡ್ಕಂಡು ಬಂದಿದ್ದು ಮೊನ್ನೆ ಮೊನ್ನೆ. ಅಲ್ಲೀಗಂಟ ಕೊಂಗಾಳ್ವರು ಕಾಯ್ಕಂಡು ಕೂತಿದ್ರಾ ಮಗಳೆ?”

ನಾನೂ ನಕ್ಕೆ. ಆದರೆ ಹೊಳೆಯಾಚೆಯ ಆ ಖಾಲಿ ಕಪ್ಪು ಜಾಗ ನನ್ನ ಕಣ್ಣಿನಿಂದ ಹೋಗಲಿಲ್ಲ.

ಆ ವರ್ಷ ಗೌರಿಹಬ್ಬಕ್ಕೆ ಅಣ್ಣ ಕರೆಯಲು ಬರಬೇಕಿತ್ತು. ಹೊಳೆ ತುಂಬಿ ದೋಣಿ ನಿಂತಿತ್ತು. ಹೊಸ ಸೀರೆಯುಟ್ಟು ಜಗಲಿಯಲ್ಲಿ ಕಾದೆ. ಮಧ್ಯಾಹ್ನ ಎಲ್ಲರೂ ಗೌರಿ ಬಿಡಲು ಕೆರೆಗೆ ಹೋದಾಗ ತಲೆನೋವೆಂದು ಉಳಿದು, ಪೆಟ್ಟಿಗೆ ತೆರೆದೆ. ಶಾಲೆಯಲ್ಲಿ ಮೇಷ್ಟ್ರು ಕಲಿಸಿದಂತೆ ಜೋಡಿಗೆರೆಯ ದಾರಿ, ಅದರ ತುದಿಗೆ ಪುಟ್ಟ ಮನೆ, ಕೆಳಗೆ ಊರ ಹೆಸರು ಬರೆದೆ. ಬೆರಳಿಟ್ಟು ಈ ಮನೆಯಿಂದ ಹೊಳೆ ದಾಟಿ ಅವ್ವನ ಬಾಗಿಲವರೆಗೆ ಹೋದೆ. ಅವ್ವ ಒಲೆ ಮುಂದೆ ಕೂತಿದ್ದಳು, ತಿರುಗಿ ನೋಡಿದಳು — ಹಾಗನ್ನಿಸಿತು.

ಆಮೇಲೆ ಅಳಿಸಬಹುದಿತ್ತು. ಎಷ್ಟೋ ಮಧ್ಯಾಹ್ನಗಳು ಸಿಕ್ಕವು. ಅಳಿಸಲಿಲ್ಲ. ಅಳಿಸಿದರೆ ಅವ್ವ ಮತ್ತೆ —

ಸುಗ್ಗಿಯಾದ ಮೇಲೆ ನಕಾಶೆ ಅಸಲಿಯೋ ಅಲ್ಲವೋ ಎಂದು ನೋಡಲು ಇಬ್ಬರು ಬಂದರು, ಮಡಿಕೇರಿಯ ಒಬ್ಬ ಮೇಷ್ಟ್ರು, ಮೈಸೂರಿನ ಒಬ್ಬ ಪಂಡಿತರು. ಕಲಿತವರೊಬ್ಬರು ಇದು ನಿಜವೆಂದರೆ ಸಾಕು, ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಎನ್ನುತ್ತಿದ್ದ ಮಾವ ಅಂದು ಮದುವೆಯ ಕೋಟು ಹಾಕಿದ್ದರು. ಅಕ್ಕಪಕ್ಕದವರೆಲ್ಲ ಜಗಲಿಯಲ್ಲಿ ಕೂತಿದ್ದರು.

“ಬಟ್ಟೆ ಹೊಸದು, ಬಳಪ ಹೊಸದು. ಹಳೇದು ಯಾವುದು ಇದರಲ್ಲಿ?” ಎಂದರು ಪಂಡಿತರು.

“ಹಾಳುಬಿದ್ದ ಊರುಗಳೂ ಇದರಲ್ಲಿವೆ. ಅಲ್ಲಿ ಹೋಗಿ ಅಗೆದರೆ ಈಗಲೂ ಪಾಯದ ಕಲ್ಲು ಸಿಗುತ್ತೆ. ಸುಳ್ಳು ಬರೆಯೋನಿಗೆ ಅದು ಹೇಗೆ ಗೊತ್ತಾಗಬೇಕು?” ಎಂದರು ಮೇಷ್ಟ್ರು.

ಪಂಡಿತರು ಸ್ವಲ್ಪ ಮೆತ್ತಗಾದರು. ಮಾವನ ಮುಖ ಅರಳಿತು. ಆಗಲೇ ಪಂಡಿತರ ಬೆರಳು ಹೊಳೆ ದಾಟಿ ನಿಂತಿತು. “ಈ ಹೊಸಕೊಪ್ಪಲು ಯಾವಾಗಿನ ಊರು?”

ಮೇಷ್ಟ್ರೇ ದಾರಿ ಮಾಡಿಕೊಟ್ಟರು. “ಯಾರೋ ಆಮೇಲೆ ಸೇರಿಸಿರಬೇಕು ಗೌಡ್ರೆ. ಯಾರು ಅಂತ ಹೇಳಿದ್ರೆ ಸಾಕು. ಅದೊಂದನ್ನ ಬಿಟ್ಟು ಉಳಿದದ್ದನ್ನ ನೋಡೋಣ.”

ಮಾವ ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ನನ್ನ ಬಳೆ ಕಂಡಿತೋ ಏನೋ.

“ನಾನೇ ಬರ್ದೆ” ಎಂದರು.

“ಪ್ರತಿ ವರ್ಷ ಗೆರೆ ತೀಡೋ ಕೈಯೇ ಹೊಸದನ್ನ ಸೇರಿಸಿದರೆ, ಉಳಿದದ್ದನ್ನ ಹೇಗೆ ನಂಬೋದು?” ಎಂದು ಪಂಡಿತರು ಕಡತ ಮಡಚಿದರು. ಮೇಷ್ಟ್ರು ತಲೆ ತಗ್ಗಿಸಿದರು. ನಾನು ಬಾಗಿಲಿಂದ ಒಂದು ಹೆಜ್ಜೆ ಈಚೆ ಬಂದಿದ್ದರೆ ಸಾಕಿತ್ತು. ಕಡತ ಮುಟ್ಟಿದವಳೆಂದು ಬೈಯುತ್ತಿದ್ದರು, ತವರಿಗೆ ಅಟ್ಟುತ್ತಿದ್ದರು. ನಾನು ಬಯಸಿದ್ದು ತವರನ್ನೇ ಅಲ್ಲವೆ? ಆದರೂ ಬರಲಿಲ್ಲ.

ಆಮೇಲೆ ಮಾವ ಸಂತೆಗೆ ಹೋದರೆ ಜನ, “ಗೌಡ್ರೆ, ನಮ್ ದನದ ಕೊಟ್ಟಿಗೇನೂ ಒಸಿ ಕೊಂಗಾಳ್ವರ ಕಾಲಕ್ಕೆ ಸೇರ್ಸಿ” ಎನ್ನುತ್ತಿದ್ದರು. ಮಾವ ಸಂತೆಗೆ ಹೋಗುವುದನ್ನೇ ಬಿಟ್ಟರು.

ಯುಗಾದಿ ಬಂತು. ಮಾವ ಕಡತ ಹಾಸಿ, ನನ್ನನ್ನು ಕರೆದು, “ಬಳಪ ಕೊಡವ್ವ” ಎಂದರು. ಎಲ್ಲ ಗೆರೆ ತೀಡಿದರು. ಹೊಳೆಯಾಚೆ ಬಂದಾಗ ಕೈ ನಿಂತಿತು. ಅಳಿಸುತ್ತಾರೆಂದುಕೊಂಡೆ. ಅವರು ನನ್ನ ದಾರಿಯನ್ನೂ ಆ ಪುಟ್ಟ ಮನೆಯನ್ನೂ ನಿಧಾನವಾಗಿ ತೀಡಿದರು.

“ಹೊಳೆ ಇಳಿದೈತೆ. ಹೋಗಿ ನಿಮ್ಮವ್ವನ್ನ ನೋಡ್ಕಂಡು ಬಾ.”

ಆಗಲೂ ನಾನು ನಿಜ ಹೇಳಲಿಲ್ಲ. ಮರುವರ್ಷ ಬಳಪ ಹಿಡಿಯಲು ಅವರು ಇರಲಿಲ್ಲ. ನಿಮ್ಮ ಅಜ್ಜನಿಗೂ ಕಡೆಯವರೆಗೆ ಹೇಳಲಿಲ್ಲ. ತನ್ನ ಅಪ್ಪ ಸುಳ್ಳು ಬರೆದರೆಂದು ನಂಬಿಕೊಂಡೇ ಅವರು ಹೋದರು.

ಅಣೆಕಟ್ಟು ಕಟ್ಟಿದ ಮೇಲೆ ಹೊಸಕೊಪ್ಪಲು ಹಿನ್ನೀರಿನಲ್ಲಿ ಮುಳುಗಿತು. ಅವ್ವನ ಮನೆ ಈಗ ಉಳಿದಿರುವುದು ಆ ಬಟ್ಟೆಯ ಮೇಲೆ ಮಾತ್ರ. ಈಗಲೂ ಕೆಲವು ಮಧ್ಯಾಹ್ನ ಬೆರಳಿಟ್ಟು ಹೋಗುತ್ತೇನೆ. ಬಾಗಿಲವರೆಗೆ ಹೋಗುತ್ತೇನೆ, ಒಳಗೆ ಹೋಗಲಾಗುವುದಿಲ್ಲ. ಆ ಗೆರೆಯ ಮೇಲೆ ಈಗ ಮಾವನ ಕೈಯಿದೆ.

ಉಳಿದ ನಕಾಶೆ ಯಾವ ಕಾಲದ್ದೋ ನನಗೆ ತಿಳಿಯದು. ಮುಂದೆ ಯಾರಾದರೂ ಬಂದು ನೋಡಿದರೆ, ಮೊದಲು ಇದನ್ನು ಓದಲಿ. ಹೊಳೆಯಾಚೆಯ ಊರು ನನ್ನದು, ಸುಳ್ಳು ನನ್ನದು, ನನ್ನ ಮಾವ ಬಸವೇಗೌಡರದ್ದಲ್ಲ. ಈ ಹಾಳೆಗಳನ್ನು ಕಡತದ ಮಡಿಕೆಯೊಳಗೇ ಇಟ್ಟು ಜೋಪಾನ ಮಾಡಿ, ಮಕ್ಕಳೇ. ಎರಡನ್ನೂ ಬೇರೆ ಮಾಡಬೇಡಿ.